37.33 ಸೆಕೆಂಡ್‌ಗೆ ಎಷ್ಟು ಅಂಕ?

ಸಂಪಾದಕರಿಗೆ ನಮಸ್ಕಾರ.

ಕಳೆದ ಆಗಸ್ಟ್ 29ರಂದು, ಅಂದರೆ ಧ್ಯಾನ್‌ಚಂದ್ ಹುಟ್ಟಿದ ದಿನ, ನಮ್ಮೂರಿನ ಒಂದು ಶಾಲೆಯಲ್ಲಿ ಕ್ರೀಡಾ ದಿನದ ಕ್ವಿಜ್ ಇತ್ತು. ನನ್ನ ತಂಗಿಯ ಮೊಮ್ಮಗಳು ಅಲ್ಲಿ ಎಂಟನೇ ಕ್ಲಾಸು. ಅವಳ ತಂಡ ಕೊನೆಯ ಸುತ್ತಿನವರೆಗೂ ಮುಂದಿತ್ತಂತೆ. ಕೊನೆಗೆ ಬಂದ ಪ್ರಶ್ನೆ ಇದು: "ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನದ ಪದಕ ತಂದವರು ಯಾರು?" ಇವಳು ತಟ್ಟನೆ ಎದ್ದು, "ಮುರಳಿಕಾಂತ್ ಪೇಟ್ಕರ್, 1972, ಈಜು" ಅಂದಿದ್ದಾಳೆ. ಮೇಷ್ಟ್ರು ತಲೆ ಅಲ್ಲಾಡಿಸಿದರು. ಪಕ್ಕದ ತಂಡ "ಅಭಿನವ್ ಬಿಂದ್ರಾ, 2008" ಅಂದಿತು. ಹತ್ತು ಅಂಕ ಆ ಕಡೆ ಹೋಯಿತು. ಇವರಿಗೆ ಎರಡನೇ ಸ್ಥಾನ, ಒಂದೊಂದು ಪೆನ್ಸಿಲ್ ಬಾಕ್ಸು.

ಸಾಯಂಕಾಲ ನೇರ ನನ್ನ ಅಂಗಡಿಗೆ ಬಂದಳು. ಬ್ಯಾಗು ಕೌಂಟರ್ ಮೇಲೆ ಎಸೆದು, "ತಾತ, ನೀನು ಹೇಳಿಕೊಟ್ಟಿದ್ದು ಸುಳ್ಳಂತೆ" ಅಂದಳು.

ಸುಳ್ಳಲ್ಲ ಅಂತ ಹೇಳುವುದಕ್ಕೆ ಈ ಪತ್ರ.

ಮೊದಲಿಗೆ ಮೇಷ್ಟ್ರ ಪರವಾಗಿ ಒಂದು ಮಾತು. ಅವರ ಮನಸ್ಸಿನಲ್ಲಿ ಇದ್ದದ್ದು ಒಲಿಂಪಿಕ್ಸ್. ಒಲಿಂಪಿಕ್ಸ್ ಅಂತ ಹಿಡಿದರೆ ಬಿಂದ್ರಾ ಅವರೇ ಸರಿ, ಅದರಲ್ಲಿ ತಕರಾರಿಲ್ಲ. ಆದರೆ ಪ್ರಶ್ನೆಯಲ್ಲಿ ಒಲಿಂಪಿಕ್ಸ್ ಅನ್ನೋ ಪದವೇ ಇರಲಿಲ್ಲ. ಆ ಪ್ರಶ್ನೆಗೆ ಯಾರಾದರೂ "ಸಚಿನ್ ನಾಗ್" ಅಂದಿದ್ದರೂ ತಪ್ಪು ಅನ್ನಲು ಆಗುತ್ತಿರಲಿಲ್ಲ. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ 100 ಮೀಟರ್ ಈಜಿ ಚಿನ್ನ ಗೆದ್ದವರು ಅವರು. ನಮ್ಮ ಹುಡುಗಿ ಪೇಟ್ಕರ್ ಹೆಸರು ಹೇಳಿದಾಗ ಅಲ್ಲಿ ಕೂತಿದ್ದವರಲ್ಲಿ ಒಬ್ಬರಿಗೂ ಆ ಹೆಸರು ಗೊತ್ತಿರಲಿಲ್ಲ. ಹತ್ತು ಅಂಕ ಹೋಗಿದ್ದಕ್ಕಿಂತ ಇದು ನನ್ನನ್ನು ಜಾಸ್ತಿ ಚುಚ್ಚಿತು. ಅದೇ ದಿನ ನಿಮ್ಮ ಪತ್ರಿಕೆಯಲ್ಲೂ ಭಾರತದ ಕ್ರೀಡಾ ಚರಿತ್ರೆಯ ಬಗ್ಗೆ ಒಂದು ಇಡೀ ಪುಟ ಬಂದಿತ್ತು. 1900ರ ಒಲಿಂಪಿಕ್ಸ್‌ನ ನಾರ್ಮನ್ ಪ್ರಿಚರ್ಡ್ ಅವರಿಂದ ಹಿಡಿದು 2024ರ ಪ್ಯಾರಿಸ್‌ವರೆಗೆ ಎಲ್ಲ ಇತ್ತು, ಚೆನ್ನಾಗಿತ್ತು. ಪ್ಯಾರಾಲಿಂಪಿಕ್ಸ್, ಅಂದರೆ ಅಂಗವೈಕಲ್ಯ ಇರುವವರ ಒಲಿಂಪಿಕ್ಸ್, ಪೇಟ್ಕರ್ ಚಿನ್ನ ಗೆದ್ದದ್ದು ಅಲ್ಲೇ. ಅದಕ್ಕೆ ಕೆಳಗಿನ ಮೂಲೆಯಲ್ಲಿ ಒಂದು ಪುಟ್ಟ ಚೌಕ. ಅದರಲ್ಲೂ ಪೇಟ್ಕರ್ ಇರಲಿಲ್ಲ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಅರಸೀಕೆರೆಯಲ್ಲಿ ರೇಡಿಯೊ, ಟಿವಿ ರಿಪೇರಿ ಅಂಗಡಿ ಇಟ್ಟುಕೊಂಡವನು. ಈಗ ರೇಡಿಯೊ ಯಾರೂ ತರುವುದಿಲ್ಲ. ರಿಮೋಟು, ಸೆಟ್‌ಟಾಪ್ ಬಾಕ್ಸು, ಮಿಕ್ಸಿ, ಕೊಬ್ಬರಿ ಮಂಡಿಯವರ ಎಲೆಕ್ಟ್ರಾನಿಕ್ ತಕ್ಕಡಿ, ಇವೇ ಜಾಸ್ತಿ. ಎರಡನೇ ವಯಸ್ಸಿನಲ್ಲಿ ಪೋಲಿಯೊ ಆಗಿ ಬಲಗಾಲು ಸಣ್ಣದಾಯಿತು. ಊರಲ್ಲಿ ನನಗಿದ್ದ ಹೆಸರು "ಕುಂಟ ರೇಡಿಯೊ". ಅದಕ್ಕೆ ಬೇಜಾರಿಲ್ಲ. ಈಗ ಫಾರ್ಮುಗಳಲ್ಲಿ ವಿಕಲಚೇತನ, ದಿವ್ಯಾಂಗ ಅಂತೆಲ್ಲ ಬರೆಯುತ್ತಾರೆ. ಹೆಸರು ದೊಡ್ಡದಾಯಿತು, ಕಚೇರಿಯ ಮೆಟ್ಟಿಲು ಹಾಗೇ ಇದೆ.

ಸ್ಕೂಲಿನಲ್ಲಿ ಡ್ರಿಲ್ ಪೀರಿಯಡ್ ಬಂದರೆ ನನಗೆ ಒಂದೇ ಕೆಲಸ. ಆಡುವ ಹುಡುಗರ ಅಂಗಿ ಕಾಯುವುದು. ಬೇವಿನ ಮರದ ಕೆಳಗೆ ಕೂತು ಅಂಗಿ ಎಣಿಸುತ್ತಿದ್ದೆ. ಎಲ್ಲರೂ ಹೋದ ಮೇಲೆ ಹೈಜಂಪ್‌ನ ಮರಳಿನ ಗುಂಡಿ ಹತ್ತಿರ ಹೋಗಿ, ಎಡಗಾಲಲ್ಲಿ ಕುಪ್ಪಳಿಸಿ ಹಾರುತ್ತಿದ್ದೆ. ಹಗ್ಗ ಕಟ್ಟಲು ಜೊತೆ ಯಾರೂ ಇರುತ್ತಿರಲಿಲ್ಲ. ಎಷ್ಟು ಎತ್ತರ ಹಾರಿದೆ ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ಮರಳಿನ ಮೇಲೆ ಒಂದೇ ಕಾಲಿನ ಗುರುತು ಆಳವಾಗಿ ಇರುತ್ತಿತ್ತು, ಅಷ್ಟೇ.

ಆ ವಯಸ್ಸಿನಲ್ಲಿ ನನಗೆ ಪೇಟ್ಕರ್ ಅವರ ವಿಷಯ ಯಾರಾದರೂ ಹೇಳಿದ್ದರೆ! ಅವರೇನು ದೂರದವರಲ್ಲ. ನಮ್ಮ ಬೆಳಗಾವಿಗೆ ತಾಗಿಕೊಂಡಿರುವ ಸಾಂಗ್ಲಿ ಜಿಲ್ಲೆಯವರು. ಸೈನ್ಯದಲ್ಲಿದ್ದರು, ಬಾಕ್ಸಿಂಗ್ ಆಡುತ್ತಿದ್ದರು. 1965ರ ಯುದ್ಧದಲ್ಲಿ ಗುಂಡೇಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. 1968ರಲ್ಲಿ ಟೆಲ್ ಅವಿವ್‌ಗೆ ಹೋದರು. ಪ್ಯಾರಾಲಿಂಪಿಕ್ಸ್‌ಗೆ ಭಾರತ ಹೋದದ್ದು ಅದೇ ಮೊದಲು. ಅಲ್ಲಿ ಟೇಬಲ್ ಟೆನಿಸ್ ಆಡಿದರು, ಪದಕ ಬರಲಿಲ್ಲ. 1972ರ ಆಗಸ್ಟ್‌ನಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜು. 37.33 ಸೆಕೆಂಡ್. ವಿಶ್ವದಾಖಲೆ, ಚಿನ್ನ. ಅದೇ ತಿಂಗಳ ಕೊನೆಗೆ ಅದೇ ದೇಶದ ಮ್ಯೂನಿಕ್‌ನಲ್ಲಿ ಒಲಿಂಪಿಕ್ಸ್ ಶುರುವಾಯಿತು. ಅಲ್ಲಿ ನಮ್ಮ ಹಾಕಿ ತಂಡಕ್ಕೆ ಕಂಚು. ಆ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ, ಎಂ.ಪಿ. ಗಣೇಶ್ ಇದ್ದರು. ಅವರ ಹೆಸರು ನಮಗೆಲ್ಲ ಬಾಯಿಪಾಠ. ಚಿನ್ನ ತಂದವರ ಹೆಸರು ಮಾತ್ರ ನನ್ನ ಕಿವಿಗೆ ಬಿದ್ದದ್ದು ನನಗೆ ಐವತ್ತು ದಾಟಿದ ಮೇಲೆ, 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ. ಪದಕ ಗೆದ್ದು ಆಗಲೇ 46 ವರ್ಷವಾಗಿತ್ತು. 2024ರಲ್ಲಿ ಅವರ ಕತೆ ಹಿಂದಿ ಸಿನಿಮಾ ಆಯಿತು. ನಮ್ಮ ಹುಡುಗಿ ಅದನ್ನು ನನ್ನ ಮೊಬೈಲ್‌ನಲ್ಲೇ ಎರಡು ಸಲ ನೋಡಿದ್ದಾಳೆ. ಕ್ವಿಜ್‌ನಲ್ಲಿ ತಟ್ಟನೆ ಎದ್ದದ್ದು ಅದಕ್ಕೇ.

ಈ ಪ್ಯಾರಾಲಿಂಪಿಕ್ಸ್ ಕೂಟ ಹುಟ್ಟಿದ್ದೂ ಯುದ್ಧದಲ್ಲಿ ಗಾಯಗೊಂಡವರಿಂದಲೇ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗಟ್‌ಮನ್ ಅಂತ ಒಬ್ಬ ಡಾಕ್ಟರು. ಬೆನ್ನುಹುರಿ ಪೆಟ್ಟಾದ ಸೈನಿಕರು ಮಂಚದ ಮೇಲೆ ಸುಮ್ನೆ ಮಲಗಿ ಕೊರಗಬಾರದು ಅಂತ ಅವರ ಹಟ. 1948ರಲ್ಲಿ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ ಆಸ್ಪತ್ರೆಯ ಅಂಗಳದಲ್ಲಿ 16 ಜನರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಬಿಲ್ಲು ಬಾಣದ ಸ್ಪರ್ಧೆ ನಡೆಸಿದರು. 1960ರಲ್ಲಿ ರೋಮ್‌ನಲ್ಲಿ ಅದು ದೊಡ್ಡ ಕೂಟವಾಯಿತು. ಮಿಲ್ಖಾ ಸಿಂಗ್ ನಾಲ್ಕನೆಯವರಾದ ಅದೇ ರೋಮ್, ಅದೇ ವರ್ಷ.

ಹೈಡೆಲ್‌ಬರ್ಗ್ ಆದಮೇಲೆ ಭಾರತ ಎರಡು ಕೂಟಗಳಿಗೆ ಹೋಗಲೇ ಇಲ್ಲ. 1976, 1980 ಎರಡೂ ಖಾಲಿ. 1984ರಲ್ಲಿ ಮತ್ತೆ ಹೋದಾಗ ನಾಲ್ಕು ಪದಕ ಬಂತು. ಜೋಗಿಂದರ್ ಸಿಂಗ್ ಬೇಡಿ ಒಬ್ಬರೇ ಮೂರು: ಗುಂಡು ಎಸೆತದಲ್ಲಿ ಬೆಳ್ಳಿ, ಡಿಸ್ಕಸ್ ಮತ್ತು ಜಾವೆಲಿನ್‌ನಲ್ಲಿ ಕಂಚು. ಭೀಮರಾವ್ ಕೇಸರ್‌ಕರ್ ಅವರಿಗೆ ಜಾವೆಲಿನ್‌ನಲ್ಲಿ ಬೆಳ್ಳಿ. ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡರು. ಆಗ ನಾನು ಮೇಸ್ತ್ರಿ ಹತ್ತಿರ ಕೆಲಸ ಕಲಿಯುತ್ತಿದ್ದೆ. ರಿಪೇರಿಗೆ ಬಂದಿದ್ದ ಒಂದು ಮರ್ಫಿ ರೇಡಿಯೊದಲ್ಲಿ ಆ ಸುದ್ದಿ ಕೇಳಿ ಇಡೀ ಅಂಗಡಿ ಮಂಕಾಗಿತ್ತು. 55.42, 55.41. ಈ ಎರಡು ನಂಬರ್ ನನಗೆ ಇವತ್ತಿಗೂ ನೆನಪಿದೆ. ಬೇಡಿ ಅವರ ಹೆಸರು ಮಾತ್ರ ಆ ರೇಡಿಯೊದಲ್ಲಿ ನಾನು ಕೇಳಲಿಲ್ಲ. ಸೋತ ನೂರನೇ ಒಂದು ಸೆಕೆಂಡ್ ನಲವತ್ತು ವರ್ಷ ನೆನಪಿರುತ್ತದೆ, ಗೆದ್ದ ಮೂರು ಪದಕ ಯಾರಿಗೂ ಗೊತ್ತಿಲ್ಲ. ಇದೆಂಥಾ ಲೆಕ್ಕ?

ಒಂದು ಫೋಟೊ ಮಾತ್ರ ನೆನಪಿದೆ. ಪೇಪರ್‌ನ ಆಟದ ಪುಟದಲ್ಲಿ ಗಾಲಿಕುರ್ಚಿಯ ಮೇಲೆ ಒಬ್ಬ ಹೆಂಗಸು, ಮುಖದ ತುಂಬಾ ನಗು. ಮಾಲತಿ ಹೊಳ್ಳ. ಉಡುಪಿ ಕಡೆಯ ಕೋಟದವರು. ನನ್ನ ಹಾಗೇ ಪೋಲಿಯೊ, ಅದೂ ಒಂದು ವರ್ಷದ ಮಗುವಾಗಿದ್ದಾಗ. ಮೂವತ್ತಕ್ಕೂ ಹೆಚ್ಚು ಆಪರೇಷನ್ ಮಾಡಿಸಿಕೊಂಡವರು, ಬ್ಯಾಂಕಿನಲ್ಲಿ ಕೆಲಸ ಮಾಡುತ್ತಲೇ 1988ರ ಸೋಲ್ ಪ್ಯಾರಾಲಿಂಪಿಕ್ಸ್‌ಗೆ ಹೋದವರು. ಆಮೇಲೆ ಅರ್ಜುನ ಪ್ರಶಸ್ತಿ, ಪದ್ಮಶ್ರೀ ಎಲ್ಲ ಬಂತು. ಬೆಂಗಳೂರಿನಲ್ಲಿ ಮಾತೃ ಅನ್ನೋ ಸಂಸ್ಥೆ ಕಟ್ಟಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾರೆ. ನನ್ನಂಥ ಕಾಲಿನವರ ಫೋಟೊ ಆಟದ ಪುಟದಲ್ಲೂ ಬರಬಹುದು ಅಂತ ನನಗೆ ತಿಳಿದದ್ದು ಅವತ್ತು. ಅಲ್ಲಿಯವರೆಗೆ ನಮ್ಮ ಫೋಟೊ ಬರುತ್ತಿದ್ದದ್ದು ಟ್ರೈಸಿಕಲ್ ಹಂಚುವ ಕಾರ್ಯಕ್ರಮದಲ್ಲಿ, ಅದೂ ಕೊಡುವವರ ಪಕ್ಕದಲ್ಲಿ. ಆ ಪೇಪರ್ ಕತ್ತರಿಸಿ ಬಹಳ ದಿನ ಇಟ್ಟುಕೊಂಡಿದ್ದೆ. ಒಂದು ಮಳೆಗಾಲದಲ್ಲಿ ಅಂಗಡಿ ಸೋರಿ ಹೋಯಿತು.

ಸೋಲ್‌ನಿಂದ ಸಿಡ್ನಿಯವರೆಗೆ ಪದಕ ಇಲ್ಲ. 2004ರಲ್ಲಿ ಅಥೆನ್ಸ್‌ನಲ್ಲಿ ರಾಜಸ್ಥಾನದ ದೇವೇಂದ್ರ ಝಝಾರಿಯಾ ಜಾವೆಲಿನ್ ಅನ್ನು 62.15 ಮೀಟರ್ ಎಸೆದು ವಿಶ್ವದಾಖಲೆಯ ಚಿನ್ನ ಗೆದ್ದರು. ರಾಜಿಂದರ್ ಸಿಂಗ್ ರಹೇಲು ಪವರ್‌ಲಿಫ್ಟಿಂಗ್‌ನಲ್ಲಿ ಕಂಚು ತಂದರು. ಚಿನ್ನ ಗೆದ್ದ ಝಝಾರಿಯಾ ಮುಂದಿನ ಎರಡು ಪ್ಯಾರಾಲಿಂಪಿಕ್ಸ್‌ನಲ್ಲಿ ಕಾಣಲೇ ಇಲ್ಲ. ಯಾಕೆ? ಗಾಯವಾಯಿತಾ? ಫಾರ್ಮ್ ಹೋಯಿತಾ? ಎರಡೂ ಅಲ್ಲ. ಅವರ ವಿಭಾಗ ಎಫ್-46. ಆ ವಿಭಾಗದ ಜಾವೆಲಿನ್ ಅನ್ನೇ 2008ರಲ್ಲೂ 2012ರಲ್ಲೂ ಇಡಲಿಲ್ಲ. ಹನ್ನೆರಡು ವರ್ಷ ಕಾದು 2016ರಲ್ಲಿ ರಿಯೊಗೆ ಹೋದರು. 63.97 ಮೀಟರ್. ತಮ್ಮದೇ ದಾಖಲೆ ಮುರಿದು ಮತ್ತೆ ಚಿನ್ನ. 2021ರಲ್ಲಿ ಟೋಕಿಯೊದಲ್ಲಿ ಇನ್ನೂ ದೂರ ಎಸೆದರು, 64.35. ಆದರೆ ಅಲ್ಲಿ ಬಂದದ್ದು ಬೆಳ್ಳಿ. ಹನ್ನೆರಡು ವರ್ಷ ಪ್ಯಾರಾಲಿಂಪಿಕ್ಸ್‌ನಲ್ಲೇ ಇಲ್ಲದ ಆಟಕ್ಕೆ ದಿನಾ ಬೆಳಿಗ್ಗೆ ಎದ್ದು ಭುಜ ಹದ ಮಾಡಿಕೊಳ್ಳುವುದು ಅಂದರೆ ಏನು ಅಂತ ಯೋಚನೆ ಮಾಡಿ. ಇದನ್ನು ತಿಳಿಯಬೇಕಾದರೆ ಓದುಗರಿಗೆ ಎಫ್-46 ಅಂದರೇನು ಅಂತ ಗೊತ್ತಿರಬೇಕು. ಪತ್ರಿಕೆಗಳು ಅದನ್ನೇ ಬಿಟ್ಟುಬಿಡುತ್ತವೆ.

ಅದೇನು ಬ್ರಹ್ಮವಿದ್ಯೆ ಅಲ್ಲ. ನನ್ನ ಕಸುಬಿನಲ್ಲಿ ರೆಸಿಸ್ಟರ್ ಮೇಲಿನ ಬಣ್ಣದ ಪಟ್ಟಿ ಓದುವುದನ್ನು ಮೊದಲು ಕಲಿಸುತ್ತಾರೆ. ಕಂದು ಅಂದರೆ ಒಂದು, ಕೆಂಪು ಅಂದರೆ ಎರಡು. ಒಂದು ವಾರದಲ್ಲಿ ಬರುತ್ತದೆ. ಇದೂ ಹಾಗೇ. ಟಿ ಅಂದರೆ ಓಟ ಮತ್ತು ಜಿಗಿತ, ಎಫ್ ಅಂದರೆ ಎಸೆತ. ನಂಬರ್‌ನ ಮೊದಲ ಅಂಕಿ 1 ಇದ್ದರೆ ಕಣ್ಣಿನ ತೊಂದರೆ. 2 ಇದ್ದರೆ ಬುದ್ಧಿಯ ಬೆಳವಣಿಗೆಯದು. 3 ಇದ್ದರೆ ಸೆರೆಬ್ರಲ್ ಪಾಲ್ಸಿಯಂಥದ್ದು, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದಿರುವುದು. 4 ಇದ್ದರೆ ಕೈ, ಕಾಲು ಅಥವಾ ಕುಳ್ಳು. 5 ಅಂದರೆ ಕೂತು ಆಡುವವರು. 6 ಅಂದರೆ ಕೃತಕ ಕಾಲು ಹಾಕಿಕೊಂಡು ಓಡುವವರು, ಜಿಗಿಯುವವರು, ಎಸೆಯುವವರು. ಎರಡನೇ ಅಂಕಿ ತೊಂದರೆ ಎಷ್ಟು ಅಂತ ಹೇಳುತ್ತದೆ. ಅಷ್ಟೇ. ನಮ್ಮ ಹುಡುಗಿ ಅರ್ಧ ಗಂಟೆಯಲ್ಲಿ ಕಲಿತಳು. ಈ ನಂಬರ್ ಮೇಲೆ ಪದಕ ಬರುತ್ತದೆ, ಹೋಗುತ್ತದೆ. ಟೋಕಿಯೊದಲ್ಲಿ ನಮ್ಮ ಒಬ್ಬರಿಗೆ ಡಿಸ್ಕಸ್‌ನಲ್ಲಿ ಬಂದ ಕಂಚು, ಅವರು ಆ ವಿಭಾಗಕ್ಕೆ ಸೇರುವುದಿಲ್ಲ ಅಂತ ತೀರ್ಮಾನವಾಗಿ ವಾಪಸ್ ಹೋಯಿತು. ಕ್ರಿಕೆಟ್‌ನ ಡಕ್‌ವರ್ತ್ ಲೂಯಿಸ್ ಲೆಕ್ಕ ಬರೆಯುವ ವರದಿಗಾರರಿಗೆ ಇದು ಕಷ್ಟವೇ?

ಈಗ ನಮ್ಮ ಜಿಲ್ಲೆಯ ವಿಷಯ. ಇದನ್ನು ಉದ್ದ ಮಾಡುತ್ತೇನೆ, ಬೇಕಾದರೆ ಬೈದುಕೊಳ್ಳಿ.

2012ರ ಲಂಡನ್ ಪ್ಯಾರಾಲಿಂಪಿಕ್ಸ್‌ಗೆ ಭಾರತದಿಂದ ಹೋದವರು ಹತ್ತೇ ಜನ. ಬಂದದ್ದು ಒಂದೇ ಪದಕ. ತಂದವರು ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್, ಹೈಜಂಪ್‌ನಲ್ಲಿ, ಎಫ್-42 ವಿಭಾಗ. ಆಗ ಜಿಗಿತಕ್ಕೂ ಎಫ್ ಅಂತಲೇ ಬರೆಯುತ್ತಿದ್ದರು. ಸೆಪ್ಟೆಂಬರ್ 3. ನನ್ನ ಅಂಗಡಿಯಲ್ಲಿ ಆ ಹೊತ್ತಿಗೆ ಏಳು ಟಿವಿ ಇದ್ದವು. ಚಾನಲ್ ತಿರುಗಿಸಿ ತಿರುಗಿಸಿ ರಿಮೋಟಿನ ರಬ್ಬರ್ ಸವೆಯಿತೇ ಹೊರತು ಆ ಜಿಗಿತ ನನಗೆ ಸಿಗಲಿಲ್ಲ. ಮರುದಿನ ಪೇಪರ್‌ನಲ್ಲಿ ಓದಿದೆ: 1.74 ಮೀಟರ್, ಬೆಳ್ಳಿ. ಫಿಜಿ ದೇಶದ ಇಲಿಯೆಸಾ ಡೆಲಾನಾ ಕೂಡ ಹಾರಿದ್ದು ಅಷ್ಟೇ, 1.74. ಎತ್ತರ ಸಮ ಆದಾಗ ತಪ್ಪು ಜಿಗಿತಗಳ ಲೆಕ್ಕ ಹಾಕುತ್ತಾರೆ. ಅದರಲ್ಲಿ ಚಿನ್ನ ಆ ಕಡೆ ಹೋಯಿತು. ಅದು ಫಿಜಿಗೆ ಪ್ಯಾರಾಲಿಂಪಿಕ್ಸ್‌ನ ಮೊಟ್ಟಮೊದಲ ಪದಕವಂತೆ. ಹೋಗಲಿ ಬಿಡಿ, ಪುಟ್ಟ ದೇಶ, ಖುಷಿಪಡಲಿ ಅನ್ನಿಸಿತು.

ಅವತ್ತು ನಾನು ಟೇಪ್ ತಗೊಂಡು ಅಂಗಡಿಯ ಬಾಗಿಲ ಚೌಕಟ್ಟಿನ ಮೇಲೆ 174 ಸೆಂಟಿಮೀಟರ್ ಅಳೆದು ಪೆನ್ಸಿಲ್‌ನಲ್ಲಿ ಗೆರೆ ಹಾಕಿದೆ. ಐದಡಿ ಎಂಟೂವರೆ ಇಂಚು. ನನ್ನ ಎತ್ತರ ಐದಡಿ ನಾಲ್ಕು. ಗೆರೆ ನನ್ನ ತಲೆಗಿಂತ ನಾಲ್ಕೂವರೆ ಇಂಚು ಮೇಲೆ ಬಂತು. ಚೌಕಟ್ಟಿನ ಕೆಳಗೆ ನಿಂತು ತಲೆ ಎತ್ತಿ ನೋಡಿದೆ. ಒಂದು ಕಾಲು ಸರಿಯಿಲ್ಲದವನು ನನ್ನನ್ನು ನಿಂತಲ್ಲೇ ನಿಲ್ಲಿಸಿ, ನನ್ನ ತಲೆ ಮೇಲಿಂದ ಹಾರಿಹೋಗುತ್ತಾನೆ! ಮಂಡಿಯ ಒಬ್ಬ ದಲ್ಲಾಳಿ ತಕ್ಕಡಿ ತೋರಿಸಲು ಬಂದವರು, "ಏನಪ್ಪಾ, ಬಾಗಿಲು ಬದಲಾಯಿಸ್ತೀಯಾ?" ಅಂತ ಕೇಳಿದರು. ವಿಷಯ ಹೇಳಿದೆ. ಅವರು ಆ ಗೆರೆ ನೋಡಿದರು, ನನ್ನ ಕಾಲು ನೋಡಿದರು, ಸುಮ್ಮನಾದರು. ಅವತ್ತು ರಿಪೇರಿಯ ದುಡ್ಡಿಗೆ ಚೌಕಾಸಿ ಮಾಡಲಿಲ್ಲ.

ಅಲ್ಲಿಂದ ಈಚೆಗೆ ಆ ಚೌಕಟ್ಟು ತುಂಬುತ್ತಿದೆ. 2016ರಲ್ಲಿ ರಿಯೊದಲ್ಲಿ ತಮಿಳುನಾಡಿನ ಮಾರಿಯಪ್ಪನ್ ತಂಗವೇಲು 1.89 ಹಾರಿ ಚಿನ್ನ ಗೆದ್ದರು. ಅವರು ತಯಾರಾದದ್ದು ಬೆಂಗಳೂರಿನಲ್ಲಿ, ಗಿರೀಶ್ ಅವರ ಕೋಚ್ ಸತ್ಯನಾರಾಯಣ ಅವರ ಕೈಯಲ್ಲೇ. ಗಿರೀಶ್ ಗೆರೆಗಿಂತ ಹದಿನೈದು ಸೆಂಟಿಮೀಟರ್ ಮೇಲೆ ಇನ್ನೊಂದು ಗೆರೆ ಬಿತ್ತು. ಅದೇ ಸ್ಪರ್ಧೆಯಲ್ಲಿ ವರುಣ್ ಭಾಟಿ 1.86, ಕಂಚು. ಪ್ಯಾರಿಸ್‌ನಲ್ಲಿ ಶರದ್ ಕುಮಾರ್ 1.88, ಬೆಳ್ಳಿ. ಗೆರೆಗಳು ಒಂದರ ಮೇಲೊಂದು ಕೂತು ಈಗ ಪೆನ್ಸಿಲ್ ಸಣ್ಣಗೆ ಕೆತ್ತಿಕೊಂಡೇ ಎಳೆಯಬೇಕು. ಅದೇ ಪ್ಯಾರಿಸ್‌ನಲ್ಲಿ ಪ್ರವೀಣ್ ಕುಮಾರ್, ಟಿ-64 ವಿಭಾಗ, 2.08. ನನ್ನ ಬಾಗಿಲು ಏಳಡಿ. ಮೇಲಿನ ಪಟ್ಟಿಗೆ ಇನ್ನು ಎರಡು ಇಂಚು ಉಳಿದಿತ್ತು ಅಷ್ಟೇ. ಸ್ಟೂಲ್ ಹತ್ತಲು ನನಗೆ ಆಗುವುದಿಲ್ಲ. ನಮ್ಮ ಹುಡುಗಿ ಹತ್ತಿ ಗೆರೆ ಹಾಕಿದಳು, ಪಕ್ಕದಲ್ಲಿ ಹೆಸರೂ ಬರೆದಳು.

ಈಗ ಲೆಕ್ಕ. 1972ರಿಂದ 2016ರವರೆಗೆ, 44 ವರ್ಷದಲ್ಲಿ, ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದದ್ದು ಒಟ್ಟು 12 ಪದಕ. ಟೋಕಿಯೊ ಒಂದರಲ್ಲೇ 19, ಅದರಲ್ಲಿ ಐದು ಚಿನ್ನ. ಪ್ಯಾರಿಸ್‌ನಲ್ಲಿ 29, ಅದರಲ್ಲಿ ಏಳು ಚಿನ್ನ. ಒಟ್ಟು 60 ಪದಕ, 16 ಚಿನ್ನ. ಒಲಿಂಪಿಕ್ಸ್‌ನಲ್ಲಿ 1900ರಿಂದ ಪ್ಯಾರಿಸ್‌ವರೆಗೆ, ಪ್ರಿಚರ್ಡ್ ಅವರ ಎರಡು ಬೆಳ್ಳಿ ಸೇರಿಸಿ, 41 ಪದಕ, 10 ಚಿನ್ನ. ಹತ್ತರಲ್ಲಿ ಎಂಟು ಹಾಕಿಯವು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಈ ಎರಡು ಲೆಕ್ಕವನ್ನು ಒಂದೇ ತಕ್ಕಡಿಯಲ್ಲಿ ಇಟ್ಟು ತೂಗುವುದು ಸರಿಯಲ್ಲ. ಪ್ಯಾರಾಲಿಂಪಿಕ್ಸ್‌ನಲ್ಲಿ ವಿಭಾಗಗಳು ಜಾಸ್ತಿ, ಹಾಗಾಗಿ ಸ್ಪರ್ಧೆಗಳೂ ಜಾಸ್ತಿ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 329 ಸ್ಪರ್ಧೆ ಇದ್ದರೆ, ಪ್ಯಾರಾಲಿಂಪಿಕ್ಸ್‌ನಲ್ಲಿ 549. ಇವರು ಅವರಿಗಿಂತ ದೊಡ್ಡವರು ಅಂತ ನಾನು ಹೇಳುತ್ತಿಲ್ಲ. ಒಂದೇ ದೇಶದ ಚರಿತ್ರೆ ಬರೆಯುವಾಗ 41ಕ್ಕೆ ಪುಟ, 60ಕ್ಕೆ ಚೌಕ ಯಾಕೆ ಅಂತ ಕೇಳುತ್ತಿದ್ದೇನೆ.

ಈಗ ಸುದ್ದಿ ಬರುವುದೇ ಇಲ್ಲ ಅನ್ನುವ ಹಾಗಿಲ್ಲ. ಟೋಕಿಯೊ ಆದಮೇಲೆ ಚೆನ್ನಾಗಿಯೇ ಬರುತ್ತಿದೆ. ಮೊದಲ ಪುಟದಲ್ಲೂ ಬರುತ್ತದೆ. ಆದರೆ ಹೇಗೆ ಬರುತ್ತದೆ ನೋಡಿ. ಅಪಘಾತ ಹೇಗಾಯಿತು, ಅಮ್ಮ ಎಷ್ಟು ಅತ್ತರು, ಊರಿನವರು ಏನೆಂದರು, ಮನೆ ಎಷ್ಟು ಬಡತನದ್ದು. ಅರ್ಧ ಸುದ್ದಿ ಓದಿದರೂ ಎಷ್ಟು ದೂರ ಎಸೆದರು ಅಂತ ಬರುವುದಿಲ್ಲ. ತಲೆಬರಹದಲ್ಲಿ "ಸ್ಫೂರ್ತಿ" ಅನ್ನೋ ಪದ ತಪ್ಪುವುದಿಲ್ಲ. ನೀರಜ್ ಚೋಪ್ರಾ ಬಗ್ಗೆ ಬರೆಯುವಾಗ 89.45 ಮೀಟರ್ ಮೊದಲ ಸಾಲಿನಲ್ಲಿ ಇರುತ್ತದೆ. ಸುಮಿತ್ ಅಂತಿಲ್ ಪ್ಯಾರಿಸ್‌ನಲ್ಲಿ 70.59 ಎಸೆದು ಸತತ ಎರಡನೇ ಚಿನ್ನ ಗೆದ್ದರು. ಅದೂ ಮೊದಲ ಸಾಲಿನಲ್ಲಿ ಇರಬೇಕಲ್ವಾ?

ನಾನೇನು ಸಾಚಾ ಅಲ್ಲ. ಮೇಲೆ ಪೇಟ್ಕರ್ ಅವರ ಬಗ್ಗೆ ಹೇಳುವಾಗ ನಾನೂ ಗುಂಡೇಟಿನಿಂದಲೇ ಶುರು ಮಾಡಿದೆ. ಮಾಲತಿ ಹೊಳ್ಳ ಅವರ ಆಪರೇಷನ್ ಎಣಿಸಿದೆ. ಚಾಳಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಝಝಾರಿಯಾ ಅವರಿಗೆ ಏನಾಗಿತ್ತು ಅಂತ ಬೇಕೆಂದೇ ಬರೆಯಲಿಲ್ಲ, ಗಮನಿಸಿದಿರೋ ಇಲ್ಲವೋ. ದೀಪಾ ಮಲಿಕ್ ಅವರದ್ದೂ ಬರೆಯುವುದಿಲ್ಲ. ರಿಯೊ, ಗುಂಡು ಎಸೆತ, ಎಫ್-53, 4.61 ಮೀಟರ್, ಬೆಳ್ಳಿ. ಪ್ಯಾರಾಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಭಾರತದ ಮೊದಲ ಹೆಂಗಸು. ಇಷ್ಟು ಹೇಳಿದರೆ ಸಾಲದೇ?

ನಮ್ಮ ರಾಜ್ಯದವರ ಬಗ್ಗೆಯಾದರೂ ಹೀಗೆ ಬರೆಯಿರಿ. ಬೆಂಗಳೂರಿನ ಈಜುಗಾರ ಶರತ್ ಗಾಯಕ್ವಾಡ್ 2014ರಲ್ಲಿ ಇಂಚಾನ್ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಒಬ್ಬರೇ ಆರು ಪದಕ ಗೆದ್ದರು, ಒಂದು ಬೆಳ್ಳಿ, ಐದು ಕಂಚು. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಉಷಾ ಗೆದ್ದದ್ದು ಐದು. ಉಷಾ ಅವರ ನಾಲ್ಕು ಚಿನ್ನದ ತೂಕ ಬೇರೆ, ನಿಜ. ಆದರೂ ಒಂದೇ ಕೂಟದಲ್ಲಿ ಆರು ಪದಕ ಅಂದರೆ ಹುಡುಗಾಟವಲ್ಲ. ನಮ್ಮೂರಿನಲ್ಲಿ ಹತ್ತು ಜನರನ್ನು ಕೇಳಿದೆ, ಒಬ್ಬರಿಗೂ ಗೊತ್ತಿಲ್ಲ.

ಸುಹಾಸ್ ಯತಿರಾಜ್ ಇದ್ದಾರೆ. ಹುಟ್ಟಿದ್ದು ಹಾಸನದಲ್ಲಿ, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ ಐಎಎಸ್ ಆಗಿ ಉತ್ತರ ಪ್ರದೇಶಕ್ಕೆ ಹೋದವರು. ಟೋಕಿಯೊದ ಬ್ಯಾಡ್ಮಿಂಟನ್ ಫೈನಲ್‌ನಲ್ಲಿ ಫ್ರಾನ್ಸ್‌ನ ಲೂಕಾಸ್ ಮಜೂರ್ ವಿರುದ್ಧ ಮೊದಲ ಗೇಮ್ ಗೆದ್ದು, ಆಮೇಲಿನ ಎರಡು ಸೋತರು. ಪ್ಯಾರಿಸ್ ಫೈನಲ್‌ನಲ್ಲಿ ಮತ್ತೆ ಅದೇ ಮಜೂರ್, ಈ ಸಲ ಅವರದೇ ದೇಶ, ಅವರದೇ ಜನ. ಮತ್ತೆ ಬೆಳ್ಳಿ. ಟೋಕಿಯೊ ಆಟವನ್ನು ನಾನು ಟಿವಿಯಲ್ಲಿ ನೋಡಿದೆ. ಮೂರನೇ ಗೇಮ್‌ನಲ್ಲಿ ಮಜೂರ್ ನಮ್ಮ ಸುಹಾಸ್ ಅವರನ್ನು ಹಿಂದೆ ಮುಂದೆ ಓಡಿಸಿ ಸುಸ್ತು ಮಾಡಿದ. ಅದು ಆಟ. ಮರುದಿನದ ಸುದ್ದಿಗಳಲ್ಲಿ "ಜಿಲ್ಲಾಧಿಕಾರಿಯ ಸಾಧನೆ" ಅಂತ ಇತ್ತು, ಆ ಮೂರನೇ ಗೇಮ್ ಇರಲಿಲ್ಲ.

ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಟಿ-11 ವಿಭಾಗದ ಓಟಗಾರ್ತಿ. 1,500 ಮೀಟರ್. 2018ರ ಜಕಾರ್ತಾ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಚಿನ್ನ, 2023ರ ಹಾಂಗ್‌ಝೌನಲ್ಲಿ ಮತ್ತೆ ಚಿನ್ನ, ಆಮೇಲೆ ಪ್ಯಾರಿಸ್. ಟಿ-11 ಓಟದಲ್ಲಿ ಓಡುವವರ ಕೈಗೂ ಪಕ್ಕದ ಗೈಡ್ ಕೈಗೂ ಒಂದು ಸಣ್ಣ ದಾರ ಕಟ್ಟಿರುತ್ತದೆ. ಗೈಡ್ ಮುಂದೆ ಎಳೆಯುವಂತಿಲ್ಲ. ಇಬ್ಬರ ಹೆಜ್ಜೆ ಒಂದೇ ಆಗಿರಬೇಕು. ಓಟಗಾರ್ತಿಗಿಂತ ಮೊದಲು ಗೈಡ್ ಗೆರೆ ದಾಟಿದರೆ ಓಟವೇ ರದ್ದು. ಅಂದರೆ ಗೈಡ್ ಆದವನು ಓಟಗಾರ್ತಿಗಿಂತ ಗಟ್ಟಿಗನಾಗಿರಬೇಕು, ಆದರೂ ಕೊನೆಗೆ ಅರ್ಧ ಹೆಜ್ಜೆ ಹಿಂದೆ ಬೀಳಬೇಕು. ಇದನ್ನು ಒಬ್ಬ ವರದಿಗಾರ ಮೈದಾನಕ್ಕೆ ಹೋಗಿ ನೋಡಿ ಬರೆದರೆ ನಾನು ದುಡ್ಡು ಕೊಟ್ಟು ಓದುತ್ತೇನೆ.

ಇನ್ನೊಂದು ಮಾತು ನೆನಪಾಯಿತು. 2014ರ ಮಾರ್ಚ್‌ನಲ್ಲಿ ಭಾರತಕ್ಕೆ ಪೋಲಿಯೊಮುಕ್ತ ಅಂತ ಸರ್ಟಿಫಿಕೇಟ್ ಸಿಕ್ಕಿತು. ನನ್ನಂಥ ಕಾಲಿನವರು ಹೆಚ್ಚುಕಮ್ಮಿ ನಾವೇ ಕೊನೆ. ಒಳ್ಳೆಯದೇ ಆಯಿತು. ಆದರೆ ನಮ್ಮ ಜೊತೆಗೇ ಬೇವಿನ ಮರದ ಕೆಳಗೆ ಅಂಗಿ ಕಾದವರ ನೆನಪೂ ಹೋಗುತ್ತದೆ. 1972, 1984, 1988, ಇವನ್ನೆಲ್ಲ ಈಗ ಬರೆದಿಡದಿದ್ದರೆ ಆಮೇಲೆ ಯಾರು ಹುಡುಕಿಕೊಂಡು ಹೋಗುತ್ತಾರೆ?

ನನ್ನ ಬೇಡಿಕೆ ಸಣ್ಣದು. ಮುಂದಿನ ಕ್ರೀಡಾ ದಿನಕ್ಕೆ ಆ ಚರಿತ್ರೆಯ ಪುಟವನ್ನು ಮತ್ತೆ ಮಾಡಿ. ವರ್ಷದ ಪ್ರಕಾರ ಹಾಕಿ. 1972 ಅಂತ ಬಂದಾಗ ಮ್ಯೂನಿಕ್‌ನ ಪಕ್ಕದಲ್ಲೇ ಹೈಡೆಲ್‌ಬರ್ಗ್ ಬರಲಿ. 1984ರಲ್ಲಿ ಉಷಾ ಪಕ್ಕದಲ್ಲಿ ಬೇಡಿ ಬರಲಿ. 2012ರಲ್ಲಿ ಲಂಡನ್‌ನ ಆರು ಪದಕದ ಜೊತೆ ಏಳನೆಯದಾಗಿ ಗಿರೀಶ್ ಬರಲಿ, 1.74 ಅಂತ ಬರೆದು. ಬೇರೆ ಚೌಕ ಬೇಡ. ಮಕ್ಕಳು ಕ್ವಿಜ್‌ಗೆ ಓದುವುದು ನಿಮ್ಮ ಪುಟವನ್ನೇ. ಮೇಷ್ಟ್ರುಗಳು ಪ್ರಶ್ನೆ ತೆಗೆಯುವುದೂ ಅಲ್ಲಿಂದಲೇ.

ಕ್ವಿಜ್ ಮಾಡಿದ ಮೇಷ್ಟ್ರು ಮೊನ್ನೆ ಮಿಕ್ಸಿ ರಿಪೇರಿಗೆ ನನ್ನ ಅಂಗಡಿಗೇ ಬಂದರು. ಒಳ್ಳೆಯ ಮನುಷ್ಯ. ನಮ್ಮ ಹುಡುಗಿಯ ವಿಷಯ ತೆಗೆದೆ. "ನಾನೇನು ಮಾಡ್ಲಿ, ನನ್ನ ಹತ್ರ ಇರೋ ಪುಸ್ತಕದಲ್ಲಿ ಹಾಗೇ ಇದೆ" ಅಂದರು. ಬಾಗಿಲ ಚೌಕಟ್ಟಿನ ಗೆರೆಗಳನ್ನು ತೋರಿಸಿದೆ. ಒಂದೊಂದನ್ನೂ ಬೆರಳಿಟ್ಟು ಓದಿದರು. 2.08ರ ಹತ್ತಿರ ಅವರ ಕೈಯೂ ಸಲೀಸಾಗಿ ಎಟುಕಲಿಲ್ಲ. ಹೋಗುವಾಗ, "ಪೇಪರ್‌ನಲ್ಲಿ ಬಂದ್ರೆ ತೋರಿಸಿ, ನೋಟಿಸ್ ಬೋರ್ಡಿಗೆ ಹಾಕ್ತೀನಿ. ಹತ್ತು ಅಂಕನೂ ಕೊಟ್ಬಿಡ್ತೀನಿ" ಅಂತ ನಕ್ಕರು. ಹುಡುಗಿಗೆ ಹೇಳಿದೆ. ಅಂಕ ಬೇಡವಂತೆ, ಎಲ್ಲರ ಮುಂದೆ ಆ ಪ್ರಶ್ನೆಯನ್ನು ಇನ್ನೊಂದು ಸಲ ಕೇಳಬೇಕಂತೆ.

ಪತ್ರ ಉದ್ದವಾಯಿತು, ಗೊತ್ತು. ಜಾಗ ಇಲ್ಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿಸಿ. ನನ್ನ ಕಾಲಿನ ಕತೆ ತೆಗೆದುಹಾಕಿ, ಮರ್ಫಿ ರೇಡಿಯೊ ತೆಗೆದುಹಾಕಿ, ಮಿಕ್ಸಿ ಬೇಡವೇ ಬೇಡ. ಮುರಳಿಕಾಂತ್ ಪೇಟ್ಕರ್, ಹೈಡೆಲ್‌ಬರ್ಗ್, 1972, 50 ಮೀಟರ್ ಫ್ರೀಸ್ಟೈಲ್, 37.33 ಸೆಕೆಂಡ್ ಅನ್ನೋ ಒಂದು ಸಾಲು ಮಾತ್ರ ಹಾಗೇ ಇರಲಿ. ಮೇಷ್ಟ್ರ ಮಿಕ್ಸಿ ಶನಿವಾರ ರೆಡಿಯಾಗುತ್ತದೆ. ಅಷ್ಟರೊಳಗೆ ಬಂದರೆ ಅದರ ಜೊತೆಗೇ ಕೊಟ್ಟು ಕಳಿಸುತ್ತೇನೆ.

ಇಂತಿ,
ನಿಮ್ಮ ಹಳೆಯ ಓದುಗ,
ರೇಡಿಯೊ ರಿಪೇರಿಯವ, ಅರಸೀಕೆರೆ